ಬಂಗಾರಿಯ ಊಟದ ಚೀಲ

ಪ್ರತಿ ವರ್ಷ ಸಂಚಿಕೆಯ ಕೆಲಸ ಶುರುವಾದಾಗ ಸಂಪಾದಕರು ಫೋನ್ ಮಾಡಿ, "ಮೇಡಂ, ಔಷಧಿಯ ಬಗ್ಗೆ ಏನಾದರೂ ಬರೆದು ಕೊಡಿ" ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಆಂಟಿಬಯಾಟಿಕ್ ಅರ್ಧಕ್ಕೆ ನಿಲ್ಲಿಸಬೇಡಿ ಎಂಬ ಬುದ್ಧಿಮಾತು, ಎಲ್ಲ ಬರೆದಾಗಿದೆ. ಈ ಸಲ ನಾಯಿಯ ಊಟದ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಬರೆಯಿರಿ. ನಮ್ಮವರಲ್ಲಿ ಊರಿನ ಮನೆಯಲ್ಲಿ ನಾಯಿ ಇಲ್ಲದವರು ಯಾರಿದ್ದಾರೆ?" ಎಂದರು.

ಅದು ನಿಜ. ಇಲ್ಲಿ ಗಲ್ಫ್‌ನಲ್ಲಿ ನಾಯಿ ಸಾಕುವವರು ಕಡಿಮೆ. ಬಾಡಿಗೆ ಮನೆಯ ಮಾಲೀಕರು ಬಿಡುವುದಿಲ್ಲ, ಕ್ಯಾಂಪ್‌ನಲ್ಲಿ ಇರುವವರಿಗೆ ಆ ಪ್ರಶ್ನೆಯೇ ಇಲ್ಲ. ಆದರೆ ಊರಿನಲ್ಲಿ ಅಪ್ಪ ಅಮ್ಮನ ಜೊತೆಗಿರುವ ನಾಯಿಗೆ ಇಲ್ಲಿಂದಲೇ ಫೋನ್‌ನಲ್ಲಿ ಚೀಲ ಆರ್ಡರ್ ಮಾಡುವವರು ಈಗ ಬಹಳ ಮಂದಿ. ಹೋದ ವರ್ಷ ನಮ್ಮ ಫಾರ್ಮಸಿಯ ಕಿಟಕಿಯ ಮುಂದೆ ಔಷಧಿಗೆ ಕಾಯುತ್ತಿದ್ದ ಬಂಟ್ವಾಳದ ಹುಡುಗನೊಬ್ಬ ಮೊಬೈಲ್ ತೋರಿಸಿ, "ಅಕ್ಕ, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದ. ತೋರಿಸಿದ್ದು ಮಾತ್ರೆಯಲ್ಲ, ಮೂರು ಬಗೆಯ ನಾಯಿ ಆಹಾರ. ನಾನು ಉತ್ತರ ಕೊಡಲು ಹಿಂಜರಿದೆ. ಹಿಂದೊಮ್ಮೆ ಇದೇ ಪ್ರಶ್ನೆಗೆ ನಾನು ಬಹಳ ಧೈರ್ಯವಾಗಿ ಉತ್ತರ ಕೊಟ್ಟಿದ್ದೆ. ಆ ಕತೆಯನ್ನೇ ಹೇಳುತ್ತೇನೆ.

ನನ್ನ ಅಕ್ಕ, ಭಾವ ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಫ್ರೀಮಾಂಟ್‌ನಲ್ಲಿ. 2016ರಲ್ಲಿ ಅವರು ಒಂದು ಗೋಲ್ಡನ್ ರಿಟ್ರೀವರ್ ಮರಿ ತಂದರು. ಬಣ್ಣ ನೋಡಿ ಅಕ್ಕ ಬಂಗಾರಿ ಎಂದು ಹೆಸರಿಟ್ಟಳು. ಒಂದು ರಾತ್ರಿ ಅಂಗಡಿಯಿಂದಲೇ ವಿಡಿಯೊ ಕಾಲ್ ಮಾಡಿದಳು. "ನೀನು ಫಾರ್ಮಸಿಸ್ಟ್ ಅಲ್ಲವಾ, ಈ ಲಿಸ್ಟ್ ಓದಿ ಹೇಳು ಮಾರಾಯ್ತಿ. ನನಗೆ ತಲೆ ಕೆಟ್ಟುಹೋಯಿತು" ಎಂದು ಎರಡು ಚೀಲ ತೋರಿಸಿದಳು. ಒಂದು ಹಳೆಯ, ದೊಡ್ಡ ಕಂಪನಿಯದ್ದು. ಅದರಲ್ಲಿ ಕೋಳಿ, ಅಕ್ಕಿ, ಮೆಕ್ಕೆಜೋಳ, ಕೋಳಿಯ ಉಪ ಉತ್ಪನ್ನ ಎಂದೆಲ್ಲ ಇತ್ತು. ಇನ್ನೊಂದು ಚೀಲದ ಮೇಲೆ ಹಿಮದ ಬೆಟ್ಟ, ತೋಳದ ಚಿತ್ರ, ದೊಡ್ಡ ಅಕ್ಷರದಲ್ಲಿ 'ಗ್ರೇನ್ ಫ್ರೀ'. ಒಳಗಿನ ಪಟ್ಟಿಯಲ್ಲಿ ಕೋಳಿ, ಬಟಾಣಿ, ಮಸೂರ, ಸಿಹಿಗೆಣಸು, ಬ್ಲೂಬೆರ್ರಿ. ಬೆಲೆ ಹೆಚ್ಚುಕಡಿಮೆ ಎರಡರಷ್ಟು. ನಾನು ಅರ್ಧ ನಿಮಿಷವೂ ಯೋಚಿಸಲಿಲ್ಲ. "ಎರಡನೆಯದು ತಗೊ ಅಕ್ಕ. ಜೋಳ ಗೀಳ ತುಂಬಿಸಿ ಮೋಸ ಮಾಡುತ್ತಾರೆ. ಇದರಲ್ಲಿ ಎಲ್ಲ ನಮ್ಮ ಅಡುಗೆಮನೆಯ ಸಾಮಾನೇ ಇದೆ" ಎಂದೆ.

ಡಿಪ್ಲೊಮಾ ಮುಗಿಸಿ ಇಪ್ಪತ್ತು ವರ್ಷ ಔಷಧಿ ಕೊಟ್ಟವಳು ನಾನು. ಮಾತ್ರೆಯ ಪೆಟ್ಟಿಗೆಯ ಮುಂಭಾಗದ ಚಿತ್ರ ನೋಡಿ ಔಷಧಿ ತೀರ್ಮಾನಿಸುವವರನ್ನು ದಿನವೂ ತಿದ್ದುವವಳು. ಅಂದು ನಾನು ಮಾಡಿದ್ದು ಅದನ್ನೇ.

2018ರ ಆಗಸ್ಟ್‌ನಲ್ಲಿ ವಾರ್ಷಿಕ ರಜೆಗೆ ಊರಿಗೆ ಹೋಗುವ ಬದಲು ಅಕ್ಕನ ಮನೆಗೆ ಹೋದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಕ್ಕಳಿಗಿಂತ ನಾಯಿಗಳೇ ಹೆಚ್ಚು ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ. ಸಂಜೆ ಹೊರಗೆ ಹೊರಟರೆ ಆ ಮಾತು ನಂಬಬೇಕು ಅನ್ನಿಸುತ್ತದೆ. ಅಕ್ಕನ ಮನೆಯ ಹತ್ತಿರ ಅಲಮೇಡಾ ಕ್ರೀಕ್ ಎಂಬ ಹೊಳೆಯ ದಂಡೆಯ ಮೇಲೆ ಮೈಲುಗಟ್ಟಲೆ ಕಾಲುದಾರಿ ಇದೆ. ಎರಡು ವರ್ಷದ ಬಂಗಾರಿ ಅಲ್ಲಿ ನಮ್ಮನ್ನು ಎಳೆದುಕೊಂಡು ಓಡಬೇಕಿತ್ತು. ಆದರೆ ಅರ್ಧ ಮೈಲಿಗೆ ಕೂತುಬಿಡುತ್ತಿದ್ದಳು. ತಂಪು ಗಾಳಿ ಬೀಸುತ್ತಿದ್ದರೂ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದಳು. "ಸೋಮಾರಿ ಆಗಿದ್ದಾಳೆ" ಎಂದು ಭಾವ ನಗುತ್ತಿದ್ದರು. ಒಂದು ರಾತ್ರಿ ಮಲಗಿದಲ್ಲೇ ಕೆಮ್ಮಲು ಶುರು ಮಾಡಿದಳು. ಆ ಕೆಮ್ಮು ನನಗೆ ಗೊತ್ತಿತ್ತು. ನಮ್ಮ ಕಾರ್ಡಿಯಾಲಜಿ ವಾರ್ಡ್‌ನಲ್ಲಿ ಹೃದಯ ಸೋತವರು ರಾತ್ರಿ ಕೆಮ್ಮುವುದು ಹೀಗೆಯೇ.

ಮಾರನೆಯ ದಿನ ಪಶುವೈದ್ಯೆಯ ಹತ್ತಿರ ಹೋದೆವು. ಸ್ಟೆತಸ್ಕೋಪ್ ಇಟ್ಟು ಕೇಳಿದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ: "ಇವಳಿಗೆ ಏನು ತಿನ್ನಿಸುತ್ತೀರಿ?" ಅಕ್ಕ ಹೆಮ್ಮೆಯಿಂದ ಆ ಬೆಲೆಬಾಳುವ ಆಹಾರದ ಹೆಸರು ಹೇಳಿದಳು. ಆಕೆ ಏನೂ ಹೇಳದೆ ಬರೆದುಕೊಂಡರು. ಎಕೋ ಮಾಡಿಸಿದಾಗ ಹೃದಯ ಹಿಗ್ಗಿ ದುರ್ಬಲವಾಗಿರುವುದು ಕಂಡಿತು. ಡೈಲೇಟೆಡ್ ಕಾರ್ಡಿಯೋಮಯೋಪತಿ. ರಕ್ತದಲ್ಲಿ ಟೌರಿನ್ ಎಷ್ಟಿದೆ ಎಂದು ನೋಡಲು ಮಾದರಿಯನ್ನು ಯುಸಿ ಡೇವಿಸ್‌ನ ಪ್ರಯೋಗಾಲಯಕ್ಕೆ ಕಳಿಸಿದರು. ಅದು ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು.

ಆ ಪ್ರಶ್ನೆ ಆಕೆ ಸುಮ್ಮನೆ ಕೇಳಿದ್ದಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ, 2018ರ ಜುಲೈ 12ರಂದು, ಅಮೆರಿಕದ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತ್ತು. ಬಟಾಣಿ, ಮಸೂರದಂಥ ಬೇಳೆಕಾಳು ಅಥವಾ ಆಲೂಗಡ್ಡೆ ಮುಖ್ಯವಾಗಿರುವ ಆಹಾರ ತಿನ್ನುವ ನಾಯಿಗಳಲ್ಲಿ, ಸಾಮಾನ್ಯವಾಗಿ ಈ ಕಾಯಿಲೆ ಬಾರದ ತಳಿಗಳಲ್ಲೂ, ಹೃದಯ ಹಿಗ್ಗುವ ಪ್ರಕರಣಗಳು ವರದಿಯಾಗುತ್ತಿವೆ ಎಂದು. ಮುಂದಿನ ವರ್ಷದ ಜೂನ್‌ನಲ್ಲಿ ಅದು ಲೆಕ್ಕ ಕೊಟ್ಟಿತು. 2014ರ ಜನವರಿಯಿಂದ 2019ರ ಏಪ್ರಿಲ್‌ವರೆಗೆ ಬಂದ ವರದಿಗಳಲ್ಲಿ 560 ನಾಯಿಗಳು, ಅವುಗಳಲ್ಲಿ 119 ಸತ್ತಿದ್ದವು. ವರದಿಯಲ್ಲಿದ್ದ ಆಹಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು 'ಗ್ರೇನ್ ಫ್ರೀ', ನೂರಕ್ಕೆ 93ರಲ್ಲಿ ಬಟಾಣಿ ಅಥವಾ ಮಸೂರ. ತಳಿಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಗೋಲ್ಡನ್ ರಿಟ್ರೀವರ್‌ಗೆ.

ಇಲ್ಲಿ ಯುಸಿ ಡೇವಿಸ್ ಬಗ್ಗೆ ಸ್ವಲ್ಪ ಹೇಳಬೇಕು. ಬೇ ಏರಿಯಾದಿಂದ ಸ್ಯಾಕ್ರಮೆಂಟೊ ಕಡೆಗೆ ಹೋಗುವ ದಾರಿಯಲ್ಲಿ ಡೇವಿಸ್ ಎಂಬ ಊರಿದೆ. ಅಲ್ಲಿನ ಪಶುವೈದ್ಯ ಕಾಲೇಜು ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದು. 1987ರಲ್ಲಿ ಅಲ್ಲಿನ ಪಾಲ್ ಪಿಯೋನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಿಷಯ ಪ್ರಕಟಿಸಿದರು. ಬೆಕ್ಕುಗಳಲ್ಲಿ ಹೃದಯ ಹಿಗ್ಗುವ ಕಾಯಿಲೆಗೆ ಬಹುಪಾಲು ಕಾರಣ ಆಹಾರದಲ್ಲಿ ಟೌರಿನ್ ಸಾಲದಿರುವುದು, ಟೌರಿನ್ ಕೊಟ್ಟರೆ ಹೃದಯ ಸರಿಹೋಗುತ್ತದೆ ಎಂದು. ಆ ಬೆಕ್ಕುಗಳು ತಿನ್ನುತ್ತಿದ್ದುದು ಒಳ್ಳೆಯ ಹೆಸರಿದ್ದ ಕಂಪನಿಗಳ ಆಹಾರವನ್ನೇ. ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟೌರಿನ್ ಹೆಚ್ಚಿಸಿದವು, ಆ ಕಾಯಿಲೆ ಅಪರೂಪವಾಯಿತು. ಔಷಧಿಗೆ ಬಗ್ಗದ ಕಾಯಿಲೆಯೊಂದು ಊಟದ ಚೀಲ ತಿದ್ದಿದ್ದರಿಂದ ಹೋಯಿತು ಎಂದರೆ ನನ್ನಂಥವಳಿಗೆ ಅದು ಸಣ್ಣ ವಿಷಯವಲ್ಲ.

ಬೆಕ್ಕಿಗೆ ಟೌರಿನ್ ಊಟದಲ್ಲೇ ಸಿಗಬೇಕು. ನಾಯಿ ಹಾಗಲ್ಲ. ಮೆಥಿಯೊನಿನ್, ಸಿಸ್ಟೀನ್ ಎಂಬ ಗಂಧಕ ಇರುವ ಅಮೈನೊ ಆಮ್ಲಗಳು ಸಿಕ್ಕರೆ ತನಗೆ ಬೇಕಾದ ಟೌರಿನ್ ತಾನೇ ಮಾಡಿಕೊಳ್ಳುತ್ತದೆ. ಬೇಳೆಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿ, ಜೋಳ, ಗೋಧಿಯಲ್ಲಿ ಹೆಚ್ಚು. ನಮ್ಮ ಹಿರಿಯರು ಅನ್ನದ ಜೊತೆ ಬೇಳೆ ಸಾರು, ಇಡ್ಲಿಯಲ್ಲಿ ಅಕ್ಕಿಯ ಜೊತೆ ಉದ್ದು ಹಾಕಿದ್ದರಲ್ಲಿ ಈ ಲೆಕ್ಕವೇ ಇದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 'ಗ್ರೇನ್ ಫ್ರೀ' ಎಂಬ ಪದವೂ ನಮ್ಮ ಭಾಷೆಯಲ್ಲಿ ನಿಲ್ಲುವುದಿಲ್ಲ. ನವಧಾನ್ಯ ಎಂದರೆ ಅದರಲ್ಲಿ ತೊಗರಿ, ಹೆಸರು, ಕಡಲೆ, ಉದ್ದು ಎಲ್ಲ ಸೇರಿದೆ. ಬಟಾಣಿ, ಮಸೂರ ನಮಗೆ ದ್ವಿದಳ ಧಾನ್ಯ. ಬಂಗಾರಿಯ ಚೀಲವನ್ನು ಅಕ್ಕನ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದ್ದರೆ ಅವರು, "ಇದು ಧಾನ್ಯವೇ ಅಲ್ಲವಾ?" ಎಂದು ಕೇಳಿರುತ್ತಿದ್ದರು. ನಾವು ಇಂಗ್ಲಿಷಿನಲ್ಲಿ ಓದಿ ಮರುಳಾದೆವು.

ಆ ರಜೆಯ ಉಳಿದ ಮೂರು ವಾರ ನಾನು ಊರು ನೋಡಿದ್ದು ಕಡಿಮೆ. ಗೋಲ್ಡನ್ ಗೇಟ್ ಸೇತುವೆಗೆ ಒಂದು ದಿನ ಹೋದೆವು, ಮಂಜು ಮುಚ್ಚಿತ್ತು, ವಾಪಸ್ ಬಂದೆವು. ಬಾಕಿ ದಿನ ಭಾವನ ಜೊತೆ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಚೀಲಗಳ ಹಿಂಭಾಗ ಓದಿದೆ. ಅಂಗಡಿಯ ಹುಡುಗಿ ನನ್ನನ್ನು ಇನ್‌ಸ್ಪೆಕ್ಟರ್ ಎಂದುಕೊಂಡಳೋ ಏನೋ.

ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಹೆಚ್ಚು ತೂಕದ್ದು ಮೊದಲು. ಆದರೆ ಅದು ಹಾಕುವಾಗಿನ ತೂಕ, ನೀರೂ ಸೇರಿ. ಹಸಿ ಕೋಳಿ ಮಾಂಸದಲ್ಲಿ ಸುಮಾರು ನೂರಕ್ಕೆ 70 ಭಾಗ ನೀರು. ಬೇಯಿಸಿ ಒಣಗಿಸಿದ ಮೇಲೆ ಉಳಿಯುವುದು ಮೂರನೆಯ ಒಂದು ಭಾಗದಷ್ಟೂ ಇಲ್ಲ. 'ಚಿಕನ್' ಎಂದು ಮೊದಲಿದ್ದ ಮಾತ್ರಕ್ಕೆ ಅದು ಕೋಳಿಯ ಆಹಾರ ಆಗುವುದಿಲ್ಲ. 'ಚಿಕನ್ ಮೀಲ್' ಎಂದರೆ ಮೊದಲೇ ನೀರು ತೆಗೆದು ಪುಡಿ ಮಾಡಿದ್ದು, ಹಾಗಾಗಿ ಅಷ್ಟೇ ತೂಕದಲ್ಲಿ ಪ್ರೊಟೀನ್ ಜಾಸ್ತಿ. ಹೆಸರು ಕೇಳಲು ಚೆನ್ನಾಗಿಲ್ಲ, ಅಷ್ಟೆ. ಇನ್ನೊಂದು ಜಾಣತನ ಬಂಗಾರಿಯ ಚೀಲದಲ್ಲೇ ಕಂಡಿತು. ಕೋಳಿಯ ನಂತರ ಬಟಾಣಿ, ಬಟಾಣಿ ಪ್ರೊಟೀನ್, ಬಟಾಣಿ ಪಿಷ್ಟ, ಬಟಾಣಿ ನಾರು ಎಂದು ಒಂದೇ ಕಾಳನ್ನು ನಾಲ್ಕು ತುಂಡು ಮಾಡಿ ನಾಲ್ಕು ಕಡೆ ಬರೆದಿದ್ದರು. ಕೂಡಿಸಿ ನೋಡಿದರೆ ಮೊದಲ ಸ್ಥಾನ ಬಟಾಣಿಯದ್ದೇ ಇರಬೇಕು. ಬ್ಲೂಬೆರ್ರಿ ಪಟ್ಟಿಯಲ್ಲಿ ಉಪ್ಪಿನ ನಂತರ ಇತ್ತು. ಉಪ್ಪಿಗಿಂತ ಕಡಿಮೆ ಹಾಕಿದ ಹಣ್ಣಿನಿಂದ ನಾಯಿಗೆ ಏನು ಸಿಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

'ಉಪ ಉತ್ಪನ್ನ' ಎಂಬ ಪದಕ್ಕೆ ನಾನು ಹೆದರಿದ್ದೆನಲ್ಲ, ಅದರ ಅರ್ಥ ತಿಳಿದಾಗ ನಗು ಬಂತು. ಲಿವರ್, ಹೃದಯ, ಕಿಡ್ನಿ, ಗುಲ್ಮ, ಶ್ವಾಸಕೋಶದಂಥ ಒಳಗಿನ ಅಂಗಗಳು. ಕೂದಲು, ಕೊಂಬು, ಗೊರಸು ಅದರಲ್ಲಿ ಬರುವಂತಿಲ್ಲ. ಬೋಟಿ, ಲಿವರ್ ಎಂದರೆ ಬಾಯಿ ಬಿಡುವ ನಮ್ಮವರು ನಾಯಿಯ ಚೀಲದಲ್ಲಿ ಅದನ್ನು ಕಂಡರೆ ಮೂಗು ಮುರಿಯುವುದು ಯಾಕೆ? ಟೌರಿನ್ ಚೆನ್ನಾಗಿ ಇರುವುದೇ ಹೃದಯದಂಥ ಅಂಗಗಳಲ್ಲಿ. 'ಉಪ ಉತ್ಪನ್ನ ಇಲ್ಲ' ಎಂದು ಚೀಲದ ಮುಂದೆ ಬರೆದಿದ್ದನ್ನು ನಾನು ಗುಣವೆಂದು ಓದಿದ್ದೆ.

ಹೆಸರಿನಲ್ಲೂ ನಿಯಮ ಇದೆ. ಅಮೆರಿಕದ ಲೇಬಲ್‌ನಲ್ಲಿ 'ಬೀಫ್ ಡಾಗ್ ಫುಡ್' ಎಂದರೆ ಆ ಮಾಂಸ ನೂರಕ್ಕೆ 95 ಇರಬೇಕು, ಹಾಕಿದ ನೀರನ್ನು ಬಿಟ್ಟು. 'ಡಿನ್ನರ್', 'ಫಾರ್ಮುಲಾ' ಎಂಬ ಬಾಲ ಸೇರಿದರೆ 25 ಸಾಕು. 'ವಿತ್ ಬೀಫ್' ಎಂದರೆ ಬರೀ 3. 'ಬೀಫ್ ಫ್ಲೇವರ್' ಎಂದರೆ ನಾಯಿಗೆ ರುಚಿ ಗೊತ್ತಾಗುವಷ್ಟು ಇದ್ದರೆ ಮುಗಿಯಿತು. 95ಕ್ಕೂ 3ಕ್ಕೂ ನಡುವೆ ಇರುವುದು 'ವಿತ್' ಎಂಬ ಒಂದೇ ಪದ.

ಪ್ರೊಟೀನ್ ಅಂಕಿಯ ವಿಷಯ ಬಂದಾಗ ಭಾವ ಒಂದು ಹಳೆಯ ಕತೆ ಹೇಳಿದರು. ಅವರು ಅಮೆರಿಕಕ್ಕೆ ಹೋದ ಹೊಸತರಲ್ಲಿ ನಡೆದದ್ದು. 2007ರ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಎಂಬ ಕಂಪನಿ ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣ ನಾಯಿ, ಬೆಕ್ಕಿನ ಆಹಾರವನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿತು. ಒಂದೇ ಕಂಪನಿಯಲ್ಲಿ ತಯಾರಾಗಿ ಹತ್ತಾರು ಬ್ರ್ಯಾಂಡ್‌ಗಳ ಹೆಸರಿನಲ್ಲಿ, ಅಗ್ಗದ್ದರಿಂದ ದುಬಾರಿಯವರೆಗೆ, ಮಾರಾಟವಾಗುತ್ತಿದ್ದ ಮಾಲು ಅದು. ಅದನ್ನು ತಿಂದ ಪ್ರಾಣಿಗಳ ಕಿಡ್ನಿ ಕೆಟ್ಟಿತ್ತು. ಚೀನಾದಿಂದ ಬಂದ ಗೋಧಿಯ ಗ್ಲೂಟನ್‌ನಲ್ಲಿ ಮೆಲಮಿನ್ ಸಿಕ್ಕಿತು. ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಲ್ಬರ್-ಎಲ್ಲಿಸ್ ಆಮದು ಮಾಡಿಕೊಂಡಿದ್ದ ಅಕ್ಕಿಯ ಪ್ರೊಟೀನ್‌ನಲ್ಲೂ ಅದೇ ಸಿಕ್ಕಿ, ಕಂಪನಿ ಅದನ್ನು ಹಿಂದಕ್ಕೆ ಕರೆಸಿತು.

ಪ್ಲಾಸ್ಟಿಕ್ ತಟ್ಟೆ ಮಾಡುವ ಮೆಲಮಿನ್ ಆಹಾರಕ್ಕೆ ಯಾಕೆ ಬಂತು? ಲೇಬಲ್‌ನಲ್ಲಿರುವ 'ಕ್ರೂಡ್ ಪ್ರೊಟೀನ್' ಎಂದರೆ ಪ್ರೊಟೀನನ್ನೇ ಅಳೆದದ್ದಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದ್ದು. ಮೆಲಮಿನ್‌ನ ತೂಕದಲ್ಲಿ ಮೂರನೆಯ ಎರಡು ಭಾಗ ಸಾರಜನಕ. ಅದೇ ಸೂತ್ರ ಹಾಕಿದರೆ ಶುದ್ಧ ಮೆಲಮಿನ್‌ನಲ್ಲಿ ನೂರಕ್ಕೆ 416 ಪ್ರೊಟೀನ್! ಗೋಧಿ ಹಿಟ್ಟಿಗೆ ಚೂರು ಬೆರೆಸಿದರೆ ಪರೀಕ್ಷೆಯಲ್ಲಿ ಅದು ಗ್ಲೂಟನ್ ಆಗಿಬಿಡುತ್ತದೆ. ಮೆಲಮಿನ್ ಒಂದೇ ಇದ್ದರೆ ಅಷ್ಟು ಅಪಾಯ ಮಾಡುವುದಿಲ್ಲ, ಸಯನೂರಿಕ್ ಆಮ್ಲದ ಜೊತೆ ಸೇರಿದಾಗ ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ ಎಂದು ಬೆಕ್ಕುಗಳಲ್ಲಿ ತೋರಿಸಿಕೊಟ್ಟವರು ಯುಸಿ ಡೇವಿಸ್‌ನ ಬಿರ್ಗಿಟ್ ಪುಶ್ನರ್ ಮತ್ತು ಸಂಗಡಿಗರು. ನಾಯಿ ಬೆಕ್ಕಿನ ಕತೆ ಎಂದು ಬಿಡುವಂತಿರಲಿಲ್ಲ. ಮರುವರ್ಷ, 2008ರಲ್ಲಿ, ಅದೇ ಮೆಲಮಿನ್ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಕೂಸುಗಳು ಸತ್ತವು.

ಆದ್ದರಿಂದ ಪ್ರೊಟೀನ್ ಅಂಕಿ ದೊಡ್ಡದಿದ್ದರೆ ಆಹಾರ ದೊಡ್ಡದು ಎಂದುಕೊಳ್ಳಬೇಡಿ. ಹೋಲಿಸುವಾಗಲೂ ನೀರು ತೆಗೆದು ಹೋಲಿಸಬೇಕು. ಡಬ್ಬಿಯ ಮೇಲೆ ಪ್ರೊಟೀನ್ 8, ನೀರಿನಂಶ 78 ಎಂದಿದೆ. ಒಣ ಆಹಾರದಲ್ಲಿ ಪ್ರೊಟೀನ್ 26, ನೀರಿನಂಶ 10. ಡಬ್ಬಿಯಲ್ಲಿ ನೀರು ಬಿಟ್ಟು ಉಳಿಯುವುದು 22 ಭಾಗ, ಅದರಲ್ಲಿ 8 ಪ್ರೊಟೀನ್, ಅಂದರೆ ನೂರಕ್ಕೆ 36. ಒಣ ಆಹಾರದಲ್ಲಿ 90ರಲ್ಲಿ 26, ಅಂದರೆ 29. ಕಂಡದ್ದೇ ಬೇರೆ, ಇರುವುದೇ ಬೇರೆ. ಬೆಳೆದ ನಾಯಿಗೆ ಹೀಗೆ ಲೆಕ್ಕ ಹಾಕಿದಾಗ ಕನಿಷ್ಠ 18, ಮರಿಗೆ 22.5 ಇರಬೇಕು ಎಂಬುದು ಅಮೆರಿಕದ ಅಳತೆ.

ಆ ಅಳತೆ ಹಾಕಿದ್ದು ಆಫ್ಕೊ ಎಂಬ ಸಂಸ್ಥೆ, ಪಶು ಆಹಾರ ನಿಯಂತ್ರಿಸುವ ಅಧಿಕಾರಿಗಳ ಸಂಘ. ಅದು ಸರ್ಕಾರವಲ್ಲ, ಯಾವ ಆಹಾರಕ್ಕೂ ಒಪ್ಪಿಗೆಯ ಮುದ್ರೆ ಹಾಕುವುದಿಲ್ಲ. 'ಆಫ್ಕೊ ಅಪ್ರೂವ್ಡ್' ಎಂದು ಯಾರಾದರೂ ಹೇಳಿದರೆ ಆ ಮಾತೇ ತಪ್ಪು. ಆದರೆ ಚೀಲದ ಹಿಂದೆ, ಸಣ್ಣ ಅಕ್ಷರದಲ್ಲಿ, ಆ ಹೆಸರಿರುವ ಒಂದು ವಾಕ್ಯ ಇರುತ್ತದೆ. ಇಡೀ ಚೀಲದಲ್ಲಿ ನಾನು ಈಗ ಮೊದಲು ಹುಡುಕುವುದು ಅದನ್ನು. ಆಹಾರ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್' ಹೌದೋ ಅಲ್ಲವೋ, ಹೌದಾದರೆ ಯಾವ ವಯಸ್ಸಿನ ನಾಯಿಗೆ, ಅದನ್ನು ಲೆಕ್ಕ ಹಾಕಿ ಹೇಳಿದ್ದೋ ನಾಯಿಗಳಿಗೆ ತಿನ್ನಿಸಿ ನೋಡಿ ಹೇಳಿದ್ದೋ, ಎಲ್ಲ ಆ ಒಂದು ವಾಕ್ಯದಲ್ಲಿದೆ. 'ಇಂಟರ್‌ಮಿಟೆಂಟ್ ಆರ್ ಸಪ್ಲಿಮೆಂಟಲ್' ಎಂದಿದ್ದರೆ ಅದು ಊಟವಲ್ಲ, ಊಟದ ಜೊತೆ ಕೊಡುವಂಥದ್ದು. ದೊಡ್ಡ ತಳಿಯ ಮರಿಯಾದರೆ, ದೊಡ್ಡದಾದ ಮೇಲೆ 70 ಪೌಂಡ್ ಅಂದರೆ ಸುಮಾರು 32 ಕಿಲೊ ತೂಗುವ ನಾಯಿಗಳ ಬೆಳವಣಿಗೆಗೂ ಸರಿ ಎಂದು ಬರೆದಿರಬೇಕು. ಕ್ಯಾಲ್ಸಿಯಂ ಜಾಸ್ತಿಯಾದರೆ ಅವುಗಳ ಮೂಳೆ ಸೊಟ್ಟ ಬೆಳೆಯುತ್ತದೆ.

ತಿನ್ನಿಸಿ ನೋಡುವ ಪರೀಕ್ಷೆ ಎಂದರೂ ಬೆಳೆದ ನಾಯಿಗೆ ಅದು 26 ವಾರ, ಕನಿಷ್ಠ 8 ನಾಯಿಗಳು. ಮನುಷ್ಯರ ಔಷಧಿಯ ಪರೀಕ್ಷೆ ನೋಡಿದವರಿಗೆ ಇದು ಬಹಳ ಸಣ್ಣದು ಅನ್ನಿಸುತ್ತದೆ. ಆದರೂ ಬರೀ ಕಾಗದದ ಲೆಕ್ಕಕ್ಕಿಂತ ಮೇಲು.

ಆದರೆ ಬಂಗಾರಿಯ ಚೀಲದ ಹಿಂದೆಯೂ ಆ ವಾಕ್ಯ ಇತ್ತು! ಲೆಕ್ಕ ಹಾಕಿ ಮಾಡಿದ್ದು, ಎಲ್ಲ ವಯಸ್ಸಿಗೂ ಸರಿ ಎಂದು. ನಾನು ಅಂಗಡಿಯಲ್ಲೇ ಅದನ್ನು ಎರಡು ಸಲ ಓದಿದೆ. ನಾಯಿಯ ಆಹಾರಕ್ಕೆ ಆಫ್ಕೊ ಪಟ್ಟಿಯಲ್ಲಿ ಟೌರಿನ್‌ನ ಕನಿಷ್ಠ ಅಳತೆಯೇ ಇಲ್ಲ, ನಾಯಿ ತಾನೇ ಮಾಡಿಕೊಳ್ಳುತ್ತದೆ ಎಂಬ ನಂಬಿಕೆಯಿಂದ. ಚೀಲದಲ್ಲಿ ಸುಳ್ಳು ಬರೆದಿರಲಿಲ್ಲ, ಆದರೂ ನಾಯಿ ಕಾಯಿಲೆ ಬಿತ್ತು.

ಪಶುವೈದ್ಯೆ ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು. ಪದಾರ್ಥದ ಪಟ್ಟಿಯನ್ನು ಅಡುಗೆಯ ಪುಸ್ತಕದಂತೆ ಓದಬೇಡಿ, ಅಡುಗೆ ಮಾಡಿದವರು ಯಾರು ಎಂದು ಕೇಳಿ ಎಂದರು. ಜಾಗತಿಕ ಸಣ್ಣ ಪ್ರಾಣಿಗಳ ಪಶುವೈದ್ಯ ಸಂಘ, ಅವರು 'ವ್ಸಾವಾ' ಎನ್ನುತ್ತಾರೆ, ಕಂಪನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿದೆ. ಪ್ರಾಣಿಗಳ ಪೋಷಣೆ ಓದಿದ ತಜ್ಞರು ನಿಮ್ಮಲ್ಲಿ ಕೆಲಸಕ್ಕೆ ಇದ್ದಾರಾ? ಈ ಆಹಾರದ ಸೂತ್ರ ಮಾಡಿದ್ದು ಯಾರು? ತಯಾರಾಗುವುದು ನಿಮ್ಮದೇ ಕಾರ್ಖಾನೆಯಲ್ಲಾ? ತಯಾರಾದ ಮೇಲೆ ಪರೀಕ್ಷೆ ಏನು? ಅಕ್ಕ ಚೀಲದ ಮೇಲಿದ್ದ ನಂಬರಿಗೆ ನನ್ನೆದುರೇ ಫೋನ್ ಮಾಡಿದಳು. ಆ ಕಡೆಯ ಹುಡುಗ ಬಹಳ ವಿನಯದಿಂದ ಮಾತಾಡಿದ. ತಜ್ಞರ ಬಗ್ಗೆ ಕೇಳಿದರೆ, "ನಮ್ಮ ಸಂಸ್ಥಾಪಕರಿಗೆ ನಾಯಿಗಳೆಂದರೆ ಪ್ರಾಣ" ಎಂದ. ಎರಡನೆಯ ಸಲ ಕೇಳಿದರೂ ಅದೇ ಉತ್ತರ. ದೊಡ್ಡ, ಹಳೆಯ ಕಂಪನಿಯವರಿಗೆ ಮಾಡಿದಾಗ ತಜ್ಞರ ಓದು, ಕಾರ್ಖಾನೆಯ ಊರು, ಒಂದು ಕಪ್ಪಿಗೆ ಎಷ್ಟು ಕ್ಯಾಲರಿ, ಎಲ್ಲ ಪಟಪಟ ಹೇಳಿದರು. ದೊಡ್ಡವರು ತಪ್ಪು ಮಾಡುವುದಿಲ್ಲ ಎಂದಲ್ಲ. 2019ರ ಜನವರಿಯಲ್ಲಿ ಹಿಲ್ಸ್ ಕಂಪನಿ, ಸರಬರಾಜುದಾರರಿಂದ ಬಂದ ವಿಟಮಿನ್ ಮಿಶ್ರಣದಲ್ಲಿ ಡಿ ವಿಟಮಿನ್ ವಿಪರೀತವಾಗಿದ್ದ ಕಾರಣ, ನಾಯಿಗಳ ಡಬ್ಬಿ ಆಹಾರವನ್ನು ವಾಪಸ್ ಕರೆಸಬೇಕಾಯಿತು. ಆದರೂ ಪ್ರಶ್ನೆಗೆ ಉತ್ತರ ಇರುವ ಕಡೆ ಹೋಗುವುದು ವಾಸಿ.

ಗಣೇಶ ಹಬ್ಬಕ್ಕೆ ಮನೆಗೆ ಬಂದ ಕನ್ನಡ ಕೂಟದ ಗೆಳೆಯರಲ್ಲಿ ಇದೇ ಚರ್ಚೆ. ಒಬ್ಬರು ತಮ್ಮ ನಾಯಿಗೆ ಮೊಸರನ್ನ ಬಿಟ್ಟು ಬೇರೆ ಕೊಡುವುದಿಲ್ಲವಂತೆ, ಮನೆಯೇ ಸಸ್ಯಾಹಾರಿ. ಅವರನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ. ನಾಯಿ ಬೆಕ್ಕಿನಂತೆ ಕಟ್ಟಾ ಮಾಂಸಾಹಾರಿಯಲ್ಲ. ಸರಿಯಾಗಿ ಸೂತ್ರ ಹಾಕಿದ ಸಸ್ಯಾಹಾರದಲ್ಲೂ ಬದುಕಬಲ್ಲದು. ಆಮೇಲೆ ಬರ್ಕ್ಲಿಯಲ್ಲೇ ಶುರುವಾದ ವೈಲ್ಡ್ ಅರ್ಥ್ ಎಂಬ ಕಂಪನಿ ಯೀಸ್ಟ್‌ನ ಪ್ರೊಟೀನ್ ಹಾಕಿ ಮಾಂಸವಿಲ್ಲದ ನಾಯಿ ಆಹಾರ ತಂದಿತು. ಆದರೆ ಮೊಸರನ್ನ ಒಂದೇ ಆದರೆ ಅದು ಸೂತ್ರ ಅಲ್ಲ. ಅದೇ ದಿನ ಇನ್ನೊಬ್ಬರು ಪಾಯಸದ ದ್ರಾಕ್ಷಿಯನ್ನು ಪ್ರೀತಿಯಿಂದ ಬಂಗಾರಿಯ ಬಾಯಿಗೆ ಹಾಕಲು ಹೊರಟಾಗ ನಾನು ಕಿರುಚಿಯೇ ಬಿಟ್ಟೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು. ಚಾಕಲೇಟ್ ಬೇಡವೇ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ನಿಮಿಷಗಳಲ್ಲಿ ಇಳಿಸಿಬಿಡುತ್ತದೆ. ಊರಿಗೆ ಹೋಗುವಾಗ ನಾವು ಬ್ಯಾಗ್ ತುಂಬ ಚಾಕಲೇಟ್ ಒಯ್ಯುತ್ತೇವೆ. ನಾಯಿಗೆ ಎಟುಕುವಲ್ಲಿ ಇಡಬೇಡಿ.

ಬಂಗಾರಿಗೆ ಮೂರು ಔಷಧಿ ಕೊಟ್ಟರು. ಟೌರಿನ್, ಪಿಮೊಬೆಂಡಾನ್, ಫ್ಯುರೊಸೆಮೈಡ್. ಪಿಮೊಬೆಂಡಾನ್ ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಇಲ್ಲ. ಫ್ಯುರೊಸೆಮೈಡ್ ನಾನು ದಿನಕ್ಕೆ ಹತ್ತು ಸಲ ಎಣಿಸಿ ಕೊಡುವ ಮಾತ್ರೆ. ಅಲ್ಲಿ ಮನುಷ್ಯರ ಫಾರ್ಮಸಿಯಲ್ಲೇ ಅದನ್ನು ಕೊಟ್ಟರು. ಡಬ್ಬಿಯ ಮೇಲೆ ರೋಗಿಯ ಹೆಸರು 'ಬಂಗಾರಿ', ಮುಂದೆ ಭಾವನ ಮನೆತನದ ಹೆಸರು. ಕೌಂಟರ್‌ನ ಈ ಕಡೆ ನಿಂತು ಆ ಡಬ್ಬಿ ತೆಗೆದುಕೊಳ್ಳುವಾಗ ನನ್ನ ಕಣ್ಣು ತುಂಬಿತು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ ಮಾತ್ರ, "ನಾಯಿಗೂ ಎಂಥ ಹೃದಯದ ಕಾಯಿಲೆ ಮಾರಾಯ್ತಿ? ಗಂಜಿ ಹಾಕಿ ಅಂತ ಹೇಳು" ಎಂದರು.

ಆಹಾರ ಬದಲಾಯಿಸಿದರು. ಕೋಳಿ, ಅಕ್ಕಿ, ಜೋಳ ಇರುವ, ಎರಡು ವರ್ಷ ಹಿಂದೆ ನಾನು ಬೇಡ ಎಂದಿದ್ದ ಅದೇ ಹಳೆಯ ಕಂಪನಿಯದ್ದು. ನಾನು ವಾಪಸ್ ಡ್ಯೂಟಿಗೆ ಬಂದೆ. ಡಿಸೆಂಬರ್‌ನಲ್ಲಿ ಅಕ್ಕ ಒಂದು ಸಂಶೋಧನಾ ಲೇಖನ ಕಳಿಸಿದಳು, ಯುಸಿ ಡೇವಿಸ್‌ನವರದ್ದು. ಟೌರಿನ್ ಕಡಿಮೆಯಾಗಿ ಹೃದಯ ಹಿಗ್ಗಿದ್ದ 24 ಗೋಲ್ಡನ್ ರಿಟ್ರೀವರ್‌ಗಳನ್ನು ಅವರು ನೋಡಿದ್ದರು. 23 ನಾಯಿಗಳ ಆಹಾರ ಗ್ರೇನ್ ಫ್ರೀ ಅಥವಾ ಬೇಳೆಕಾಳು ಹೆಚ್ಚಿರುವಂಥದ್ದು, ಅಥವಾ ಎರಡೂ. ಆಹಾರ ಬದಲಿಸಿ ಟೌರಿನ್ ಕೊಟ್ಟ ಮೇಲೆ ಒಂದನ್ನು ಬಿಟ್ಟು ಉಳಿದವು ಸುಧಾರಿಸಿದ್ದವು. ಆ ಲೇಖನವನ್ನು ನಾನು ರಾತ್ರಿ ಡ್ಯೂಟಿಯಲ್ಲಿ ಕೂತು ಓದಿದೆ.

ವಿಜ್ಞಾನದ ಕಡೆಯಿಂದ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕಾಯಿಲೆ ಬಿದ್ದ ಬೇರೆ ತಳಿಯ ಎಷ್ಟೋ ನಾಯಿಗಳಲ್ಲಿ ಟೌರಿನ್ ಸರಿಯಾಗಿಯೇ ಇತ್ತು. 2022ರ ಕೊನೆಗೆ ಎಫ್‌ಡಿಎ ಬಳಿ 1,382 ವರದಿ ಸೇರಿದ್ದವು. ಆದರೆ ಆಹಾರವೇ ಕಾರಣ ಎಂದು ಹೇಳಲು ಈ ವರದಿಗಳು ಸಾಲವು, ಹೊಸ ಮಾಹಿತಿ ಬಂದರೆ ಮಾತ್ರ ಮತ್ತೆ ಹೇಳುತ್ತೇವೆ ಎಂದು ಅದು ನಿಲ್ಲಿಸಿತು. ಗ್ರೇನ್ ಫ್ರೀ ತಿಂದ ನಾಯಿಗಳೆಲ್ಲ ಸಾಯುತ್ತವೆ ಎಂದು ನಾನು ಹೇಳುತ್ತಿಲ್ಲ. ಲಕ್ಷಾಂತರ ನಾಯಿಗಳು ತಿಂದು ಚೆನ್ನಾಗಿಯೇ ಇವೆ. ಧಾನ್ಯಕ್ಕೆ ನಿಜವಾದ ಅಲರ್ಜಿ ಇರುವ ನಾಯಿಗಳು ಕಡಿಮೆ, ಅಲರ್ಜಿ ಬರುವುದು ಹೆಚ್ಚಾಗಿ ಬೀಫ್, ಹಾಲು, ಕೋಳಿಯಂಥ ಪ್ರೊಟೀನ್‌ಗೆ. ಅಂಥ ಕಾರಣವಿಲ್ಲದೆ, ಬರೀ ಒಂದು ಪದಕ್ಕಾಗಿ ಎರಡು ಪಟ್ಟು ಹಣ ಕೊಟ್ಟು ಈ ಅನುಮಾನವನ್ನು ಮನೆಗೆ ತರುವುದು ಯಾಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಗಲ್ಫ್‌ನಲ್ಲಿ ಬೆಕ್ಕು, ನಾಯಿ ಸಾಕುವವರಿಗೆ ಎರಡು ಮಾತು. ಇಲ್ಲಿಯ ಅಂಗಡಿಗಳಲ್ಲಿ ಯುರೋಪಿನ ಮಾಲೂ ಇದೆ. ಅದರ ಮೇಲೆ ಆಫ್ಕೊ ಹೆಸರು ಇರಬೇಕೆಂದಿಲ್ಲ, 'ಕಂಪ್ಲೀಟ್' ಅಥವಾ 'ಕಾಂಪ್ಲಿಮೆಂಟರಿ' ಎಂದು ಇರುತ್ತದೆ. ದಿನದ ಊಟಕ್ಕೆ ಮೊದಲನೆಯದು. ಮತ್ತೆ ನಮ್ಮ ಶೆಕೆ. ಜುಲೈ ತಿಂಗಳಲ್ಲಿ ಚೀಲವನ್ನು ಬಾಲ್ಕನಿಯಲ್ಲೋ ಕಾರಿನ ಡಿಕ್ಕಿಯಲ್ಲೋ ಇಟ್ಟರೆ ಅದರ ಕೊಬ್ಬು ಮುಗ್ಗುತ್ತದೆ, ವಿಟಮಿನ್ ಹಾಳಾಗುತ್ತದೆ. ಔಷಧಿಯಂತೆಯೇ ತಂಪಾದ, ಒಣಗಿದ ಜಾಗ ಬೇಕು. ಡಬ್ಬಕ್ಕೆ ಸುರಿಯುವ ಬದಲು ಚೀಲದ ಸಮೇತ ಡಬ್ಬದೊಳಗೆ ಇಡಿ. ಏನಾದರೂ ಆದರೆ ಬ್ಯಾಚ್ ನಂಬರ್ ಬೇಕಾಗುವುದು ಆಗಲೇ.

ಊರಿನ ನಾಯಿಗಳದ್ದು ಬೇರೆ ಲೆಕ್ಕ. ನಮ್ಮಲ್ಲಿ ಯಾವ ಕಂಪನಿಯದ್ದಾದರೂ ಅದು 'ಪೆಡಿಗ್ರಿ'ಯೇ. ಕುಂದಾಪುರದ ಹತ್ತಿರ ನಮ್ಮ ಮನೆಯಲ್ಲಿರುವ ದಾಸ ಎಂಬ ನಾಯಿಗೆ ಅಮ್ಮ ಹಾಕುವುದು ಗಂಜಿ, ಮೀನಿನ ತಲೆ, ಮಿಕ್ಕ ಸಾರು. ತಮ್ಮ ತಿಂಗಳಿಗೊಂದು ಚೀಲ ತರಿಸುತ್ತಾನೆ, ಅಮ್ಮ ಅದನ್ನು ಉಪ್ಪಿನಕಾಯಿಯಂತೆ ಒಂದು ಹಿಡಿ ಗಂಜಿಗೆ ಉದುರಿಸುತ್ತಾರೆ. ಹೀಗೆ ಮಾಡಿದರೆ ಚೀಲದ ಮೇಲಿನ 'ಕಂಪ್ಲೀಟ್' ಎಂಬ ಮಾತಿಗೆ ಅರ್ಥವಿಲ್ಲ. ಬೆಳೆದ ಊರುನಾಯಿಗೆ ಮೀನು, ಮೊಟ್ಟೆ ಸಿಗುತ್ತಿದ್ದರೆ ನಡೆಯುತ್ತದೆ. ಮರಿಗೆ ಹಾಗೆ ಮಾಡಬೇಡಿ. ಬರೀ ಅನ್ನ, ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಕಾಲು ಬಾಗುತ್ತದೆ. ಒಂದು ವರ್ಷದವರೆಗಾದರೂ ಮರಿಗಳ ಆಹಾರವನ್ನೇ, ಚೀಲದಲ್ಲಿ ಹೇಳಿದಷ್ಟು ಕೊಡಿ. ಬಿಸ್ಕತ್ತು, ತಿಂಡಿ ಎಲ್ಲ ಸೇರಿ ದಿನದ ಆಹಾರದ ಹತ್ತನೆಯ ಒಂದು ಭಾಗ ಮೀರದಿರಲಿ. ಕೈಯಲ್ಲಿ ಹಣ ಕಡಿಮೆಯಿದ್ದರೆ, ಸಂಬಳದ ಹಣದಲ್ಲಿ ದುಬಾರಿ ಚೀಲ ಕಳಿಸುವ ಬದಲು ನಾಯಿಯನ್ನು ರೇಬಿಸ್ ಲಸಿಕೆಗೆ ಕರೆದೊಯ್ಯಲು ಕಳಿಸಿ. ಅದು ನಿಮ್ಮ ಮನೆಯ ಮಕ್ಕಳಿಗೂ ಬೇಕಾದದ್ದು.

ಬಂಟ್ವಾಳದ ಆ ಹುಡುಗನಿಗೆ ನಾನು ಆ ದಿನ ಹೇಳಿದ್ದು ಇಷ್ಟೇ: "ಮುಂದಿನ ಚಿತ್ರ ಬೇಡ ತಮ್ಮ, ಮೂರರದ್ದೂ ಹಿಂದಿನ ಫೋಟೊ ತೆಗೆದು ಕಳಿಸಲು ಮನೆಯವರಿಗೆ ಹೇಳು." ಎರಡು ದಿನ ಬಿಟ್ಟು ತಂದು ತೋರಿಸಿದ. ಮೂರರಲ್ಲಿ ಒಂದು ಊಟವೇ ಅಲ್ಲ, ಬಿಸ್ಕತ್ತು. ಅವನ ಅಪ್ಪ ನಾಯಿಗೆ ಅದನ್ನೇ ಆರು ತಿಂಗಳಿನಿಂದ ಬಟ್ಟಲು ತುಂಬ ಹಾಕುತ್ತಿದ್ದರು.

ಬಂಗಾರಿಯ ಎಕೋ ಒಂಬತ್ತು ತಿಂಗಳ ನಂತರ ಮಾಡಿದಾಗ ಹೃದಯ ಹೆಚ್ಚುಕಡಿಮೆ ಸರಿಯಾದ ಅಳತೆಗೆ ಬಂದಿತ್ತು. ಫ್ಯುರೊಸೆಮೈಡ್ ನಿಲ್ಲಿಸಿದರು, ಆಮೇಲೆ ಪಿಮೊಬೆಂಡಾನ್ ಕೂಡ. ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತಿದೆ. ಅವಳಿಗೆ ಈಗ ಮುಖದ ಕೂದಲು ಬೆಳ್ಳಗಾಗಿದೆ, ಮೂಗಿನ ಸುತ್ತ ಹಿಟ್ಟು ಮೆತ್ತಿದ ಹಾಗೆ. ಅಕ್ಕ ಹೊಸ ಚೀಲ ತಂದಾಗಲೆಲ್ಲ ನನಗೆ ಅದರ ಹಿಂಭಾಗದ ಫೋಟೊ ಕಳಿಸುತ್ತಾಳೆ. ಮೊನ್ನೆ ಕಳಿಸಿದ್ದರಲ್ಲಿ ಚೀಲದ ಮೂಲೆಯಲ್ಲಿ ಬಂಗಾರಿಯ ಮೂಗೂ ಬಂದಿತ್ತು. ಬ್ಯಾಚ್ ನಂಬರ್ ಬರೆದಿಟ್ಟುಕೊಂಡೆ.